ಗುಟ್ಟು ಒಡೆಯುವ ಹೋಮ್‌ವರ್ಕ್

ಎಲ್ಲ ಶುರುವಾದದ್ದು 'ಪಾಕೆ ಲಝೆ'ಯಿಂದ.

ಹೋದ ವಾರದ ಕೊನೆಯ ಪೀರಿಯಡ್ಡಿನಲ್ಲಿ ಲೆಕ್ಕದ ಮೇಷ್ಟ್ರು ಆರನೇ ತರಗತಿಯ ಬೋರ್ಡಿನ ಮೇಲೆ ಈ ಎರಡು ಪದ ಬರೆದು, "ಇದು ಗುಟ್ಟಿನ ಭಾಷೆ. ಯಾರು ಒಡೀತೀರಾ?" ಎಂದರು. ಒಂದೊಂದು ಅಕ್ಷರವನ್ನೂ ವರ್ಣಮಾಲೆಯಲ್ಲಿ ಒಂದು ಮನೆ ಮುಂದಕ್ಕೆ ತಳ್ಳಿ, ಕೊನೆಯ 'ಳ'ಗೆ ಮತ್ತೆ ಮೊದಲ 'ಕ' ಹಿಡಿದು ಬರೆದಿದ್ದರು. ಬಿಡಿಸಲು ಹತ್ತು ನಿಮಿಷವಾದರೂ ಬೇಕೆಂದು ಅವರ ಅಂದಾಜು. ಹತ್ತು ಸೆಕೆಂಡಿಗೆ ಹಿಂದಿನ ಬೆಂಚಿನಿಂದ ಉತ್ತರ ಬಂತು.

"ನಾಳೆ ರಜೆ, ಸರ್."

"ಹೇಗೋ ಗೊತ್ತಾಯ್ತು?"

"ಬೋರ್ಡ್ ಮೇಲೆ ಏನೇ ಇದ್ರೂ ನಾನು ಮೊದ್ಲು ರಜೆನಾ ಅಂತ ನೋಡ್ತೀನಿ ಸರ್. ಇವತ್ತು ಹೊಂದ್ಕೊಳ್ತು."

ಮೇಷ್ಟ್ರಿಗೆ ಖುಷಿಯೋ ಖುಷಿ. ಗುಟ್ಟು ಒಡೆಯುವ ಪಂಡಿತರೂ ಮಾಡುವುದು ಇದನ್ನೇ; ಒಂದು ಪದ ಊಹಿಸುತ್ತಾರೆ, ಉಳಿದದ್ದಕ್ಕೆ ಹೊಂದುತ್ತದೆಯೇ ನೋಡುತ್ತಾರೆ ಎಂದು ವಿವರಿಸಿದರು. ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ಟೈಲರ್ ಮಗಳು ಎದ್ದು ನಿಂತಳು.

"ಸರ್, ಗುಟ್ಟು ಬರವಣಿಗೆಯಲ್ಲೇ ಇರ್ಬೇಕಾ? ಬಾಯಲ್ಲಿ ಹೇಳಿದ್ರೆ ಆಗಲ್ವಾ?"

"ಯಾಕಾಗಲ್ಲ? ಯಾರು ಏನಂದ್ರು, ಅಂದ ಮೇಲೆ ಏನಾಯ್ತು, ಎಷ್ಟು ಸಲ ಆಯ್ತು ಅಂತ ಬರ್ಕೊಂಡು ಹೋಗಿ. ಹಿಂದೆ ಆಗಿದ್ದು ನೆನಪಿದ್ರೆ ಅದನ್ನೂ ಸೇರ್ಸಿ. ಗುಟ್ಟು ತಾನಾಗೇ ಬಾಯಿಬಿಡುತ್ತೆ. ಇದೇ ಹೋಮ್‌ವರ್ಕ್. ಬರೋ ಶುಕ್ರವಾರದವರೆಗೆ ಟೈಮು."

ಆ ಶುಕ್ರವಾರವೇ ಇವತ್ತು. ಇವತ್ತೇ ಪೋಷಕರ ಸಭೆ. ಎರಡು ವರ್ಷದಿಂದ ತಾತ್ಕಾಲಿಕವಾಗಿ ದುಡಿಯುತ್ತಿದ್ದ ಮೇಷ್ಟ್ರನ್ನು ಕಾಯಂ ಮಾಡುವುದೋ ಬಿಡುವುದೋ ಎಂದು ಹೆಡ್ ಮೇಡಂ ತೀರ್ಮಾನಿಸುವ ದಿನವೂ ಇವತ್ತೇ. ಬೆಳಿಗ್ಗೆ ಹೆಂಡತಿ ಇದ್ದುದರಲ್ಲಿ ಒಳ್ಳೆಯ ಶರ್ಟನ್ನು ಇಸ್ತ್ರಿ ಮಾಡಿ ಕೊಟ್ಟು, "ಇವತ್ತೊಂದಿನ ಯಾರಿಗೂ ಏನೂ ಜಾಸ್ತಿ ಕಲಿಸೋಕೆ ಹೋಗ್ಬೇಡಿ" ಎಂದಿದ್ದಳು.

ಮೇಷ್ಟ್ರು ಶಾಲೆಗೆ ಬಂದಾಗ ಇತಿಹಾಸದ ಮೇಷ್ಟ್ರು ಕಾರಿಡಾರಿನಲ್ಲಿ ಸ್ಟೂಲು ಹತ್ತಿ ನಿಂತಿದ್ದರು. ಯಾರೂ ಕೇಳದೆ ಸಹಾಯ ಮಾಡುವುದು ಅವರ ಹುಟ್ಟುಗುಣ.

"ಗೋಡೆ ಬೋಳಾಗಿತ್ತು ಮೇಷ್ಟ್ರೇ. ನಿಮ್ಮ ಆರನೇ ತರಗತಿ ಮಕ್ಕಳು ತಂದಿಟ್ಟ ಹೋಮ್‌ವರ್ಕ್ ಹಾಳೆಗಳು ಟೇಬಲ್ ಮೇಲಿದ್ವು, ಅಂಟಿಸ್ಬಿಟ್ಟೆ. ಮೇಡಂ ನೋಡಿದ್ರೆ ನಿಮ್ಗೇ ಒಳ್ಳೇದು."

"ಓದಿದ್ರಾ?"

"ಓದೋಕೆಲ್ಲಿ ಪುರುಸೊತ್ತು. ಅಕ್ಷರ ದುಂಡಗಿದೆ."

ಮೇಷ್ಟ್ರು ಮೊದಲ ಹಾಳೆಗೆ ಕಣ್ಣು ಹಾಯಿಸಿದರು. ಹಲ್ಲಿನ ಡಾಕ್ಟರ ಮಗ ಬರೆದಿದ್ದ: 'ಮನೆಗೆ ಯಾರಾದರೂ ಬಂದು ಒಂದು ಗಂಟೆ ಕೂತರೆ ಅಮ್ಮ "ರೀ, ನಿಮ್ಮ ಪೇಷೆಂಟ್ ಕಾಯ್ತಿದ್ದಾರೆ" ಎನ್ನುತ್ತಾರೆ. ಅಪ್ಪ ಬ್ಯಾಗ್ ಹಿಡಿದು ಹೋಗಿ ಮಹಡಿ ಮೆಟ್ಟಿಲ ಮೇಲೆ ಕೂರುತ್ತಾರೆ. ಬಂದವರು ಎದ್ದುಹೋದ ಮೇಲೆ ಇಳಿದು ಬರುತ್ತಾರೆ. ಐದು ಸಲ. ಐದೂ ಭಾನುವಾರ. ಭಾನುವಾರ ಕ್ಲಿನಿಕ್ ಇಲ್ಲ.'

ಪಕ್ಕದ್ದು ಟೈಲರ್ ಮಗಳದು: 'ಅಂಗಡಿಗೆ ಗಿರಾಕಿ ಬಂದರೆ ಅಪ್ಪ "ಗುಂಡಿಯ ಕಾಜಾ ಒಂದೇ ಬಾಕಿ, ನಾಳೆ ಬನ್ನಿ" ಎನ್ನುತ್ತಾರೆ. ಅದರರ್ಥ ಬಟ್ಟೆಗೆ ಇನ್ನೂ ಕತ್ತರಿ ಹಾಕಿಲ್ಲ. ಹದಿನಾಲ್ಕು ಸಲ.'

"ಕೀಳ್ರೀ, ಬೇಗ ಕೀಳಿ," ಎಂದು ಮೇಷ್ಟ್ರು ಉಗುರಿನಿಂದ ಹಾಳೆಯ ಮೂಲೆ ಕೆರೆಯತೊಡಗಿದರು. ಇತಿಹಾಸದ ಮೇಷ್ಟ್ರು ಬಳಸಿದ್ದು ಶಾಲೆಯ ಬೆಂಚು ಕೂಡಿಸುವ ಅಂಟು. ಹಾಳೆಗೆ ಮುಂಚೆ ಗೋಡೆಯ ಸುಣ್ಣ ಬರುವಂತಿತ್ತು. ಅಷ್ಟರಲ್ಲಿ ಗೇಟು ತೆರೆಯಿತು.

ಮೊದಲ ಹತ್ತು ನಿಮಿಷ ಪೋಷಕರು ಮಕ್ಕಳ ಕೈಬರಹ ಮೆಚ್ಚಿಕೊಂಡರು. ಹನ್ನೊಂದನೇ ನಿಮಿಷಕ್ಕೆ ಬರೆದದ್ದನ್ನು ಓದತೊಡಗಿದರು. ಆಮೇಲೆ ಹಲ್ಲಿನ ಡಾಕ್ಟರ ದನಿ ಕೇಳಿಸಿತು.

"ಏನಪ್ಪಾ ಟೈಲರ್ ಸಾಹೇಬ್ರೇ, ನನ್ನ ಕೋಟಿಗೂ ಕಾಜಾನೇ ಬಾಕಿ ಅಲ್ವಾ?"

"ಕೋಟಿನ ವಿಷ್ಯ ಆಮೇಲೆ ಮಾತಾಡೋಣ ಡಾಕ್ಟ್ರೇ. ಹೋದ ಭಾನುವಾರ ನಾನೂ ನನ್ನ ಹೆಂಡ್ತೀನೂ ನಿಮ್ಮನೆಗೆ ಬಂದಿದ್ವಲ್ಲ, ಮೆಟ್ಟಿಲ ಮೇಲೆ ತುಂಬಾ ಚಳಿ ಇತ್ತಾ?"

ಡಾಕ್ಟರು ಬಾಯಿ ತೆರೆದರು. ಹಲ್ಲುಗಳೆಲ್ಲ ಚೆನ್ನಾಗಿದ್ದವು; ಅವನ್ನೆಲ್ಲ ತೋರಿಸಿ ನಕ್ಕು, ಮಗನ ಹಾಳೆಗೆ ಬೆನ್ನು ಅಡ್ಡ ಕೊಟ್ಟರು.

ಅತ್ತ ಇನ್ನೊಂದು ಹಾಳೆಯ ಮುಂದೆ ಅಕ್ಕಪಕ್ಕದ ಮನೆಯ ಇಬ್ಬರು ತಾಯಂದಿರು ನಿಂತಿದ್ದರು. ಒಬ್ಬಳ ಮಗ ಬರೆದದ್ದನ್ನು ಇನ್ನೊಬ್ಬಳು ಗಟ್ಟಿಯಾಗಿ ಓದಿದಳು: "'ಪಕ್ಕದ ಮನೆ ಆಂಟಿ ಬೆಲ್ ಮಾಡಿದರೆ ಅಮ್ಮನಿಗೆ ತಲೆನೋವು. ಆಂಟಿ ಹೋದ ಕೂಡಲೇ ವಾಸಿ. ಒಂಬತ್ತು ಸಲ.' ಅಲ್ಲ ಕಣೇ, ಒಂಬತ್ತು ಸಲಾನೂ ನಾನು ಮಾತ್ರೆ ತಂದ್ಕೊಟ್ಟೆನಲ್ಲೇ."

ಮೂವತ್ತೊಂದು ಹಾಳೆ, ಮೂವತ್ತೊಂದು ಮನೆ. ಅರ್ಧ ಗಂಟೆಯಲ್ಲಿ ಇಡೀ ಬಡಾವಣೆ ಒಬ್ಬರ ಮುಖ ಒಬ್ಬರು ನೋಡದಂತಾಯಿತು. ಹಾಗೆ ಮುಖ ತಿರುಗಿಸಿದವರಿಗೆಲ್ಲ ಎದುರು ಕಂಡದ್ದು ಗೋಡೆ ಕೆರೆಯುತ್ತಿದ್ದ ಮೇಷ್ಟ್ರು.

"ಲೆಕ್ಕ ಕಲಿಸಿ ಅಂತ ಕಳಿಸಿದ್ವಿ ಮೇಷ್ಟ್ರೇ, ಬೇಹುಗಾರಿಕೆ ಅಲ್ಲ," ಎಂದರು ಡಾಕ್ಟರು.

"ಎಷ್ಟು ಸಲ ಅಂತ ಎಣಿಸಿದ್ದಾರಲ್ಲ, ಅದೂ ಲೆಕ್ಕವೇ," ಎಂದು ಇತಿಹಾಸದ ಮೇಷ್ಟ್ರು ನಡುವೆ ಬಾಯಿ ಹಾಕಿ ಸಹಾಯ ಮಾಡಿದರು.

ಎಲ್ಲರೂ ಹೆಡ್ ಮೇಡಂ ಕೋಣೆಗೆ ನುಗ್ಗಿದರು. ಈ ಮೇಷ್ಟ್ರು ಶಾಲೆಯಲ್ಲಿರಬೇಕು, ಇಲ್ಲವೇ ನಮ್ಮ ಮಕ್ಕಳಿರಬೇಕು ಎಂಬುದು ಒಟ್ಟು ಅಹವಾಲು. ಅಲ್ಲಿಯವರೆಗೆ ಜಗಳವಾಡಿದವರು ಇದೊಂದು ಮಾತಿಗೆ ಒಂದಾದರು. ಮೇಡಂ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, "ನೀವು ಹೊರಡಿ. ನಾನು ನೋಡ್ಕೋತೀನಿ" ಎಂದರು. ಮೇಷ್ಟ್ರು ಬಾಗಿಲ ಹೊರಗೆ ಇಂಗು ತಿಂದ ಮಂಗನಂತೆ ನಿಂತಿದ್ದರು.

ನಾಲ್ಕು ಗಂಟೆಗೆ ಜವಾನ ಕರೆಯಲು ಬಂದ. ಕೋಣೆಯಲ್ಲಿ ಮೇಡಂ, ಮತ್ತು ಬೀರುವಿನ ಪಕ್ಕ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದ ಅವರ ಮೊಮ್ಮಗಳು. ಅವಳೂ ಆರನೇ ತರಗತಿಯೇ. ಅಜ್ಜಿಯ ಕೆಲಸ ಮುಗಿಯುವವರೆಗೆ ದಿನಾ ಅಲ್ಲೇ ಕೂರುವವಳು.

"ಕೂತ್ಕೊಳ್ಳಿ," ಎಂದರು ಮೇಡಂ. ತಮ್ಮ ಸ್ವಂತ ಫ್ಲಾಸ್ಕಿನಿಂದ ತಾವೇ ಟೀ ಬಗ್ಗಿಸಿ ಕೊಟ್ಟರು. ಎರಡು ವರ್ಷದಲ್ಲಿ ಮೇಷ್ಟ್ರು ಆ ಫ್ಲಾಸ್ಕನ್ನು ದೂರದಿಂದ ನೋಡಿದ್ದರು ಅಷ್ಟೇ.

"ಮೇಡಂ, ಮಕ್ಕಳಿಗೆ ಆಸಕ್ತಿ ಬರ್ಲಿ ಅಂತ..."

"ನಂಗೆ ಗೊತ್ತಪ್ಪಾ. ನೀವು ನನ್ನ ಮಗ ಇದ್ದ ಹಾಗೆ. ಯಾವ ಯೋಚ್ನೆನೂ ಬೇಡ. ಮನೆಗೆ ಹೋಗಿ ಆರಾಮಾಗಿರಿ."

ಮೇಷ್ಟ್ರ ಕಣ್ಣು ತುಂಬಿ ಬಂತು. ಹೊರಗೆ ಬಂದವರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಹೆಂಡತಿಗೆ ಫೋನು ಮಾಡಿದರು.

"ಆಯ್ತು ಕಣೇ. ಹೆಚ್ಚುಕಮ್ಮಿ ಕಾಯಂ ಆದ ಹಾಗೇ. ಕೈಯಾರೆ ಟೀ ಕೊಟ್ರು, ಮಗ ಇದ್ದ ಹಾಗೆ ಅಂದ್ರು."

"ನಿಜವಾಗ್ಲೂ? ಇರಿ, ನಮ್ಮಮ್ಮಂಗೆ ಹೇಳ್ತೀನಿ," ಎಂದು ಅವಳು ಫೋನು ಇಟ್ಟಳು.

"ಸರ್," ಎಂದು ಹಿಂದಿನಿಂದ ಯಾರೋ ಕರೆದರು. ಮೇಡಂ ಮೊಮ್ಮಗಳು ಏದುಸಿರು ಬಿಡುತ್ತಾ ನಿಂತಿದ್ದಳು. "ನನ್ನ ಹೋಮ್‌ವರ್ಕ್ ಲೇಟಾಯ್ತು ಸರ್. ಸಾರಿ."

"ಪರವಾಗಿಲ್ಲ ಪುಟ್ಟಾ, ಕೊಡು." ಇವತ್ತು ಯಾರು ಏನು ಕೇಳಿದರೂ ಕೊಡುವ ಮನಸ್ಥಿತಿ ಅವರದು.

ಹಾಳೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಮೇಲೆ ಬರೆದದ್ದು: 'ಅಜ್ಜಿ ತಮ್ಮ ಫ್ಲಾಸ್ಕಿನ ಟೀ ಕೊಟ್ಟು, ನೀವು ನನ್ನ ಮಗ ಇದ್ದ ಹಾಗೆ ಎಂದರೆ.' ಕೆಳಗೆ ಮೂರು ಸಾಲು.

'ಡ್ರಾಯಿಂಗ್ ಸರ್. ಮಾರನೇ ದಿನದಿಂದ ಬರಲಿಲ್ಲ.'

'ಸ್ಕೂಲ್ ಬಸ್ ಡ್ರೈವರ್ ಅಂಕಲ್. ಮಾರನೇ ದಿನದಿಂದ ಬರಲಿಲ್ಲ.'

'ಲೆಕ್ಕದ ಸರ್.' ಅದರ ಮುಂದಿನ ಜಾಗ ಖಾಲಿ ಇತ್ತು.

ಮೇಷ್ಟ್ರು ಹಾಳೆಯನ್ನು ಎರಡು ಸಲ ಓದಿದರು. ಹುಡುಗಿ ಪೆನ್ಸಿಲ್ ಕಚ್ಚುತ್ತಾ ಅವರನ್ನೇ ನೋಡುತ್ತಿದ್ದಳು.

"ಅದೊಂದು ನಾಳೆ ನೋಡ್ಕೊಂಡು ತುಂಬ್ತೀನಿ ಸರ್. ನೀವು ಬರ್ಲಿಲ್ಲ ಅಂದ್ರೆ ನಾನು ಒಡೆದಿದ್ದು ಸರಿ ಅಲ್ವಾ?"

ಮೇಷ್ಟ್ರು ಹಾಳೆಯನ್ನು ಸೈಕಲ್ ಸೀಟಿನ ಮೇಲಿಟ್ಟು, ಜೇಬಿನಿಂದ ಕೆಂಪು ಪೆನ್ನು ತೆಗೆದು ಹತ್ತಕ್ಕೆ ಹತ್ತು ಹಾಕಿದರು.

"ಈಗ್ಲೇ ತುಂಬಿಬಿಡಮ್ಮ," ಎಂದರು. "ನಾಳೆ ಸೈನ್ ಹಾಕೋರು ಯಾರಿರ್ತಾರೋ ಏನೋ."