ಊಟದ ಮೇಜಿಗೆ ಅಂಟಿದ ರೈಲು ಹಲಗೆ

ದುಬೈಯಿಂದ ತಂದ ಆಟಿಕೆ ರೈಲೊಂದು ಹನ್ನೊಂದು ವರ್ಷ ಡಬ್ಬಿಯಲ್ಲೇ ಇತ್ತು. ಅಲ್ಲಿನ ಕೆಲಸ ಬಿಟ್ಟು ಊರು ಮಡಂತ್ಯಾರಿಗೆ ಮರಳಿದ ಮೇಲೆ ಅದಕ್ಕೆ ಹಳಿ, ಸುರಂಗ, ಸ್ಟೇಷನ್ ಎಲ್ಲ ಕಟ್ಟಲು ತೀರ್ಮಾನಿಸಿದೆ. ಮೊದಲು ಪ್ಲೈವುಡ್ಡಿನ ಹಲಗೆ ಆಗಬೇಕು. ಅದರ ಬೆನ್ನಿಗೆ ನಾಲ್ಕು ಮರದ ಪಟ್ಟಿ ಹೊಡೆದರೆ ಮುಗಿಯಿತು. ಅಷ್ಟಕ್ಕೆ ಬಡಗಿ ಯಾಕೆ?

ಅಂದು ನಾಲ್ಕು ಗಂಟೆಗೆ ಮಗಳು ನಸೀಮಾಳನ್ನು ನೋಡಲು ಮೂಡುಬಿದಿರೆಯವರು ಬರುವವರಿದ್ದರು.

"ಇವತ್ತೇ ಆಗಬೇಕಾ ನಿಮಗೆ?" ಎಂದಳು ಹೆಂಡತಿ ಝೊಹರಾ.

"ಅರ್ಧ ಗಂಟೆಯ ಕೆಲಸ. ಈಗ ಮುಗಿಸ್ತೇನೆ."

ಮನೆಯಲ್ಲಿ ಸಮತಟ್ಟಾದ ಜಾಗವೆಂದರೆ ಊಟದ ಮೇಜು. ಪ್ಲೈವುಡ್ಡನ್ನು ಅದರ ಮೇಲೆ ಕವುಚಿ ಹಾಕಿ, ಪಟ್ಟಿ ಇಟ್ಟು, ಇಪ್ಪತ್ತನಾಲ್ಕು ಸ್ಕ್ರೂ ಬಿಗಿದೆ. ಕೆಲಸ ಭದ್ರವಾಗಿತ್ತು. ಮಗುಚಲೆಂದು ಹಲಗೆಯನ್ನು ಎತ್ತಿದೆ. ಮೇಜೂ ಎದ್ದಿತು.

ಪಟ್ಟಿ, ಪ್ಲೈವುಡ್ ಸೇರಿ ಒಂದೂವರೆ ಇಂಚು. ನನ್ನ ಸ್ಕ್ರೂ ಎರಡು ಇಂಚು.

ಗಂಟೆ ಎರಡೂವರೆ. ಬಿಚ್ಚಲು ಕೂತೆ. ಅವಸರಕ್ಕೆ ಆರು ಸ್ಕ್ರೂಗಳ ತಲೆಯೇ ಸವೆದುಹೋಯಿತು. ಪಕ್ಕದ ಮನೆಯ ಸಂಜೀವಣ್ಣನನ್ನು ಕರೆದೆ. ಅವರು ಹದಿನೆಂಟು ಬಿಚ್ಚಿ, ಬೆವರು ಒರೆಸಿಕೊಂಡು, "ಇನ್ನು ಆರು ಉಂಟು ಮಾರಾಯ್ರೆ. ಗರಗಸ ತರುವನಾ?" ಎಂದರು.

ಅಡುಗೆಮನೆಯಿಂದ ಝೊಹರಾ ಬಂದಳು. ನೋಡಿದಳು. ಅವಳು ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಒಳಗಿನಿಂದ ಹೊಸ ಬೆಡ್‌ಶೀಟ್ ತಂದು ಎಲ್ಲದರ ಮೇಲೂ ಹೊದಿಸಿದಳು. ಪಟ್ಟಿಗಳು ಅಡಿಯಲ್ಲಿ ಗದ್ದೆಯ ಹುಣಿ-ಬದುಗಳಂತೆ ಎದ್ದು ಕಾಣುತ್ತಿದ್ದವು.

ನೆಂಟರು ಸರಿಯಾಗಿ ನಾಲ್ಕಕ್ಕೇ ಬಂದರು. ಹುಡುಗನ ತಂದೆ ಮಾತಿನ ನಡುವೆ ಚಹಾದ ಗ್ಲಾಸನ್ನು ಪಟ್ಟಿಯ ಅಂಚಿಗೆ ಇಟ್ಟರು. ಅದು ಮಗುಚಿತು. ಗಾಬರಿಯಿಂದ ಅವರು ಬೆಡ್‌ಶೀಟ್ ಎತ್ತಿದರು.

"ಇದು ಎಂಥದು?"

ಹನ್ನೊಂದು ವರ್ಷ ಕಾದ ರೈಲಿಗೆ ಮಗಳ ಸಂಬಂಧವೇ ಬಲಿಯಾಯಿತು ಎಂದುಕೊಂಡೆ. ಬಾಗಿಲ ಬಳಿಯಿಂದ ನಸೀಮಾಳೇ ನನ್ನತ್ತ ಕೈ ತೋರಿಸಿ ಹೇಳಿದಳು: "ಉಪ್ಪ ರೈಲಿಗೆ ಹಲಗೆ ಮಾಡಿದ್ದು. ಮೇಜಿಗೆ ಸಿಕ್ಕಿಬಿದ್ದಿದೆ."

ಹುಡುಗ ತಲೆ ತಗ್ಗಿಸಿ ನಕ್ಕ. ಆಮೇಲೆ ನಸೀಮಾ ನಕ್ಕಳು. ನೋಡುವ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಸಂಬಂಧ ಕೂಡಿಬಂತು. ಮದುವೆಗೆ ಬೇಡಿಕೆ ಏನಾದರೂ ಉಂಟೋ ಎಂದು ನಾನು ಅಳುಕುತ್ತಲೇ ಫೋನಿನಲ್ಲಿ ಕೇಳಿದಾಗ, ಬೀಗರು ತುಂಬ ಮರ್ಯಾದೆಯಿಂದ ಹೇಳಿದರು:

"ಏನೂ ಬೇಡ. ನೀವು ಮದುವೆ ಹಾಲ್‌ನಲ್ಲಿ ಒಂದು ಕಡೆ ಸುಮ್ಮನೆ ಕೂತುಕೊಳ್ಳಬೇಕು. ಅಷ್ಟೇ."