ಒಂದೇ ಬಸಿರಿನ ರಕ್ತ

ಉಳಿ ಜಾರಿದ್ದು ನಿನ್ನೆ. ಪ್ರವಾಸಿಗರಿಗೆ ಮಾರಲೆಂದು ಮರದಲ್ಲಿ ಓರಾ, ಅಂದರೆ ನಮ್ಮ ದ್ವೀಪದ ದೈತ್ಯ ಉಡವನ್ನು ಕೆತ್ತುತ್ತಿದ್ದ ತಸ್ರಿಫನ ಬಲ ಅಂಗೈಗೆ ಅಕ್ಕಿಕಾಳಿನಷ್ಟು ಗಾಯವಾಗಿತ್ತು, ಅಷ್ಟೆ. ಬೆಳಗಾಗುವಷ್ಟರಲ್ಲಿ ಕೈ ಬೆಂದ ಗೆಣಸಿನಂತೆ ಊದಿಕೊಂಡಿತು. ಕೆತ್ತನೆಯವನಿಗೆ ಬಲಗೈ ಹೋದರೆ ಬದುಕೇ ಹೋದಂತೆ. ಕಡಲಾಚೆಯ ಲಬುವಾನ್ ಬಾಜೊ ಪಟ್ಟಣದ ಆಸ್ಪತ್ರೆಗೆ ಹೋಗಲು ಅವನು ದೋಣಿಕಟ್ಟೆಗೆ ಓಡಿದ. ಕೊಮೊಡೊದಿಂದ ದಿನಕ್ಕೊಂದೇ ದೋಣಿ.

ಕಟ್ಟೆಯ ಮೇಲೆ ಮೀನು ಒಣಹಾಕುತ್ತಿದ್ದ ಮೈಮುನಾ ಅತ್ತೆ ಅವನ ಕೈ ನೋಡಿ ನಕ್ಕಳು.

"ಇಷ್ಟಕ್ಕೆ ಆಸ್ಪತ್ರೆನಾ? ಓರಾ ಯಾರು ಅಂದ್ಕೊಂಡಿದ್ದೀಯೋ? ನಮ್ಮ ಒಡಹುಟ್ಟು. ಮೂಲತಾಯಿ ಹೆತ್ತ ಅವಳೀಲಿ ಒಂದು ಮನುಷ್ಯ, ಒಂದು ಓರಾ."

"ಅದಕ್ಕೂ ನನ್ನ ಕೈಗೂ ಏನತ್ತೆ ಸಂಬಂಧ?"

ಪಕ್ಕದ ಮನೆಯ ಮುಖ್ತಾರ್ ಬಲೆ ಬಿಟ್ಟು ಎದ್ದು ಬಂದ. "ಜಾವಾದ ಡಾಕ್ಟರಮ್ಮ ಮೊನ್ನೆ ಸಭೇಲಿ ಹೇಳಿದ್ದು ಕೇಳಿಸ್ಕೊಂಡಿಲ್ವಾ? ಓರಾದ ರಕ್ತಕ್ಕೆ ಹುಟ್ಟಿನಿಂದ್ಲೇ ರೋಗಾಣು ಕೊಲ್ಲೋ ಶಕ್ತಿ ಇದೆಯಂತೆ. ಆ ಕುಂಟ ಓರಾನ ನೋಡು. ಜಗಳದಲ್ಲಿ ಕಾಲು ಸಿಗಿದುಹೋಗಿತ್ತು, ಕೊಳೆತ ಜಿಂಕೆ ಮೇಲೇ ಮಲಗ್ತಿತ್ತು. ಕೀವಾಯ್ತಾ? ಒಂದೇ ಬಸಿರು ಅಂದ್ಮೇಲೆ ರಕ್ತಾನೂ ಒಂದೇ."

"ಬಿಡೋ, ಹೋಗ್ಲಿ," ಎಂದಳು ಅತ್ತೆ. "ಅವನ ಅಜ್ಜಿ ಸುಂಬಾವಾ ದ್ವೀಪದೋಳು. ಅವನದು ಯಾವ ರಕ್ತಾನೋ ಏನೋ."

ಕಟ್ಟೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹುಂಬ ತಸ್ರಿಫನಿಗೆ ಕೈಗಿಂತ ಮಾನ ದೊಡ್ಡದಾಯಿತು. ದೋಣಿ ಹೊರಟಿತು, ಅವನು ಅಲ್ಲೇ ಉಳಿದ.

ಮಧ್ಯಾಹ್ನದ ಹೊತ್ತಿಗೆ ಚಳಿಜ್ವರ ಹಿಡಿದು, ಕೆಂಪು ಗೆರೆಯೊಂದು ಮೊಣಕೈ ದಾಟಿತು. ಮುಖ್ತಾರ್ ಬಗ್ಗಿ ನೋಡಿ, "ನಿನ್ನ ರಕ್ತ ಸ್ವಲ್ಪ ನೀರು ಕಣೋ," ಎಂದು ಬಲೆ ಹೆಣೆಯಲು ಹೋದ. ಪುಕ್ಕಟೆ ಸಲಹೆ ಊರವರದು, ಕೊಳೆಯುವ ಕೈ ಇವನದು.

ತಸ್ರಿಫ್ ತೂರಾಡುತ್ತ ಹುಣಸೆಮರಗಳ ಕೆಳಗಿನ ಡಾಕ್ಟರಮ್ಮನ ಡೇರೆಗೆ ನಡೆದ. ಅತ್ತೆಯೂ ಬೆನ್ನ ಹಿಂದೆಯೇ ಬಂದಳು. ಅಲ್ಲಿ ಜಾವಾದ ಪ್ರಾಣಿವೈದ್ಯೆ ವಿದ್ಯಾಸ್ತುತಿ ಕುಂಟ ಓರಾದ ಬಾಯಿಗೆ ಬಿಗಿದಿದ್ದ ಹಗ್ಗ ಬಿಚ್ಚಿಸುತ್ತಿದ್ದರು. ಪರೀಕ್ಷೆಗೆಂದು ಬಾಲದಿಂದ ರಕ್ತ ತೆಗೆದು ಮುಗಿದಿತ್ತು.

ಅವನ ಕೈ ನೋಡಿದ್ದೇ ಅವರ ಮುಖ ಬಿಳಿಚಿತು. "ನಂಜು ರಕ್ತಕ್ಕೆ ಏರ್ತಿದೆ. ಬೆಳಿಗ್ಗೆನೇ ಯಾಕೆ ಹೋಗ್ಲಿಲ್ಲ?"

"ಓರಾದ್ದೂ ನಮ್ದೂ ಒಂದೇ ರಕ್ತ ಅಂತ..."

"ಅದರದು ಉಡದ ರಕ್ತ ಕಣಪ್ಪ. ನಿನ್ನದು ಬರೀ ಮನುಷ್ಯಂದು."

"ಪ್ರಾಣಿಗಳ ಔಷಧಿಯಾದ್ರೂ ಸರಿ, ಒಂದು ಇಂಜೆಕ್ಷನ್ ಚುಚ್ಚಿಬಿಡಿ ಡಾಕ್ಟ್ರೇ."

ವೈದ್ಯೆ ಕೈಯಲ್ಲಿದ್ದ ಶೀಶೆಯನ್ನು ತಲೆಕೆಳಗು ಮಾಡಿದರು. ಒಂದು ಹನಿಯೂ ಬೀಳಲಿಲ್ಲ. "ಉಳಿದಿದ್ದು ಇದೊಂದೇ. ಈಗಷ್ಟೇ ಓರಾಗೆ ಕೊಟ್ಟೆ. ಸೂಜಿ ಚುಚ್ಚಿದ ಜಾಗ ಕೀವಾಗ್ಬಾರ್ದಲ್ಲ. ನಿಯಮ."

"ನಿಮ್ಮ ದೋಣಿ?"

"ಅದರ ರಕ್ತ ತಗೊಂಡು ಹೋಯ್ತು. ತಡ ಮಾಡಿದ್ರೆ ಕೆಟ್ಟುಹೋಗುತ್ತೆ ಅಂತ..."

ಹಗ್ಗ ಕಳಚಿಕೊಂಡ ಓರಾ ಸೀಳುನಾಲಗೆ ಚಾಚಿ ಗಾಳಿಯಲ್ಲಿ ಕೊಳೆತ ಮಾಂಸದ ವಾಸನೆ ಹಿಡಿಯಿತು. ಆಮೇಲೆ ಬೇರೆ ಯಾರನ್ನೂ ನೋಡದೆ, ಕುಂಟುತ್ತ ಕುಂಟುತ್ತ ತಸ್ರಿಫನ ಕಡೆಗೇ ಬರತೊಡಗಿತು.

ಮೈಮುನಾ ಅತ್ತೆಯ ಕಣ್ಣು ತುಂಬಿ ಬಂತು. "ನೋಡ್ದ್ಯಾ," ಎಂದಳು. "ಗುರ್ತು ಹಿಡೀತು."