ಮೇಷ್ಟ್ರ ಮೀಟರು ರಿಪೇರಿ

ಅತ್ತೆ ಚಪ್ಪಲಿ ಹಾಕಿಕೊಳ್ಳಲು ಕೂತದ್ದು ಸ್ಟೂಲಿನ ಮೇಲಲ್ಲ, ಅಳಿಯನ ಬ್ಯಾಟರಿ ಪೆಟ್ಟಿಗೆಯ ಮೇಲೆ. ಚಟ್ ಎಂದಿತು.

"ಏನೋ ಚುಚ್ತಲ್ಲ," ಎಂದು ಎದ್ದರು. ಮುಚ್ಚಳದಲ್ಲಿದ್ದ ಮೀಟರಿನ ಗಾಜು ಒಡೆದು, ಮುಳ್ಳು ಹಾಲು ಕದ್ದು ಸಿಕ್ಕಿಬಿದ್ದ ಬೆಕ್ಕಿನ ಮೀಸೆಯಂತೆ ಸೊಟ್ಟಗಾಗಿತ್ತು.

ಅಳಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುವವರು. ಊರೂರಿನವರೊಡನೆ ಮಾತಾಡುವ ಹವ್ಯಾಸಿ ರೇಡಿಯೋ ಹುಚ್ಚು ಮತ್ತು ಉದ್ದನೆಯ ಮೈಕಟ್ಟು ಎರಡೂ ಸೇರಿ, ಬೀದಿಯವರ ಬಾಯಲ್ಲಿ ಆಂಟೆನಾ ಮೇಷ್ಟ್ರಾಗಿದ್ದರು. ಆ ಹುಚ್ಚು ಹಿಡಿಸಿದ ಗುರುಗಳಿಗೆ ಈಗ ವಯಸ್ಸಾಗಿತ್ತು. ಅಂದು ಸಂಜೆ ರೇಡಿಯೋದಲ್ಲಿ ಕೊನೆಯ ಸಲ ಮಾತಾಡಿ ಮೈಕು ಕೆಳಗಿಡುವವರಿದ್ದರು. ಶಿಷ್ಯರೆಲ್ಲ ತಂತಮ್ಮ ಊರಿನ ಗುಡ್ಡ ಹತ್ತಿ, ಬ್ಯಾಟರಿಯಲ್ಲೇ ರೇಡಿಯೋ ನಡೆಸಿ, ಅವರಿಗೆ ಕೃತಜ್ಞತೆ ಹೇಳಬೇಕು. ಬ್ಯಾಟರಿಯಲ್ಲಿ ಕಸುವು ಎಷ್ಟಿದೆ ಎಂದು ತೋರಿಸುವುದು ಆ ಮೀಟರು.

ಸದ್ದು ಕೇಳಿ ಮಹಡಿಮನೆಯ ನಿವೃತ್ತ ಕಂಡಕ್ಟರ್ ಇಳಿದುಬಂದರು. "ಬಿಡಿ ಮೇಷ್ಟ್ರೇ, ಇಂಥವೆಷ್ಟು ನೋಡಿಲ್ಲ," ಎಂದು ಮೀಟರು ಬಿಚ್ಚಿದರು. ಸಾಸಿವೆಯಷ್ಟಿದ್ದ ಸ್ಕ್ರೂ ಹಾರಿ ಮಂಚದಡಿ ಸೇರಿತು.

ಅತ್ತೆ ಪಶ್ಚಾತ್ತಾಪದಿಂದ ಆ ಬ್ಯಾಟರಿಗೇ ದೀಪ ಸಿಕ್ಕಿಸಿಕೊಂಡು ಮಂಚದಡಿ ನುಗ್ಗಿದರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಸ್ಕ್ರೂ ಸಿಕ್ಕಿತು. ಅಷ್ಟರಲ್ಲಿ ಮೇಷ್ಟ್ರು ಗಾಜು ಕತ್ತರಿಸಿ ಕೂರಿಸಿದ್ದರು. ಮುಳ್ಳು ಮಾತ್ರ ಯಾರ ಕೈಗೂ ಬಗ್ಗಲಿಲ್ಲ.

"ಮೂಲೆಮನೆಯವರ ಹತ್ರ ಕೊಡಿ," ಎಂದರು ಮೇಷ್ಟ್ರ ಹೆಂಡತಿ. "ಎಷ್ಟು ಸೂಕ್ಷ್ಮದ ಕೆಲಸ ಮಾಡ್ತಾರೆ."

ಮೂಲೆಮನೆಯವರು ಹಲ್ಲುಸೆಟ್ಟು ಕಟ್ಟುವವರು. ಕನ್ನಡಕ ಏರಿಸಿ, ಬಾಗಿಲು ಹಾಕಿಕೊಂಡು, ಸಂಜೆಯೊಳಗೆ ಮೀಟರು ತಂದುಕೊಟ್ಟರು. ಮುಳ್ಳು ನೆಟ್ಟಗಾಗಿತ್ತು. ಪೆಟ್ಟಿಗೆಗೆ ಕೂರಿಸಿದರೆ ತುಂಬಿದ ಬ್ಯಾಟರಿಯ ಗುರುತಿನ ಮೇಲೇ ನಿಂತಿತ್ತು. ಸಮಯವಾಗಿತ್ತು, ಎಲ್ಲರೂ ಒಟ್ಟಿಗೇ ಗುಡ್ಡ ಹತ್ತಿದರು.

"ಆಂಟೆನಾ, ನಿನ್ನ ಸರದಿ ಕಣಯ್ಯ," ಎಂದಿತು ಗುರುಗಳ ಕ್ಷೀಣ ದನಿ.

ಮೇಷ್ಟ್ರು ಮೈಕಿನ ಗುಂಡಿ ಒತ್ತಿದರು. ತಪ್ಪು ಮಾಡಿದಾಗಲೂ ಗದರದೆ ಕಲಿಸಿದ್ದನ್ನು ನೆನೆದರು. ಜ್ವರದಲ್ಲಿ ಒಂಟಿಯಾಗಿ ಮಲಗಿದ್ದಾಗ ರಾತ್ರಿಯಿಡೀ ರೇಡಿಯೋದಲ್ಲಿ ಜತೆಗಿದ್ದದ್ದನ್ನು ನೆನೆದರು. "ನಿಮ್ಮಿಂದ ಇಷ್ಟು ಜನ ಸಿಕ್ಕರು ಗುರುಗಳೇ. ಇವತ್ತು ನನ್ನ ದನಿ ಕೇಳ್ತಿದ್ರೆ ಅದಕ್ಕೆ ಕಂಡಕ್ಟರ್ ಸಾಹೇಬ್ರು, ಮೂಲೆಮನೆ ಅಣ್ಣ, ನಮ್ಮತ್ತೆ ಕಾರಣ. ಓವರ್."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ರೇಡಿಯೋ ಮಾತಾಡಲಿಲ್ಲ. ಗುರುಗಳೂ ಅಳುತ್ತಿರಬೇಕು ಎಂದು ಮೇಷ್ಟ್ರು ಕಾದರು. ಕಾದು ಕಾದು ರೇಡಿಯೋದ ದೀಪ ನೋಡಿದರೆ ಆರಿಹೋಗಿತ್ತು. ಮಂಚದಡಿ ಉರಿದ ದೀಪ ಬ್ಯಾಟರಿಯನ್ನು ಖಾಲಿ ಮಾಡಿತ್ತು. ಮುಳ್ಳು ಮಾತ್ರ ತುಂಬಿದ ಗುರುತಿನ ಮೇಲೇ ಇತ್ತು. ಬ್ಯಾಟರಿಯ ತಂತಿ ಕಿತ್ತರು. ಆಗಲೂ ಅಲ್ಲೇ ಇತ್ತು.

"ಅದು ಅಲ್ಲಾಡಲ್ಲ ಬಿಡಿ," ಎಂದರು ಮೂಲೆಮನೆಯವರು ಹೆಮ್ಮೆಯಿಂದ. "ತಂದಾಗ ಹೇಗೆ ಓಲಾಡ್ತಿತ್ತು ಅಂತೀರಿ. ಹಲ್ಲಿಗೆ ಹಾಕೋ ಅಂಟು ಹಾಕಿ, ಒಳ್ಳೆ ಜಾಗ ನೋಡಿ ನಿಲ್ಲಿಸಿಬಿಟ್ಟೆ."

ಕಂಡಕ್ಟರು ಹತ್ತಿರ ಬಂದರು. "ನಮ್ಮ ಹೆಸರೂ ಹೇಳಿದ್ರಲ್ಲ ಮೇಷ್ಟ್ರೇ. ಎಷ್ಟೂರಿಗೆ ಕೇಳಿಸಿರುತ್ತೆ?"

ಮೇಷ್ಟ್ರು ಮೂವರ ಮುಖವನ್ನೂ ನೋಡಿದರು.

"ಬೇಕಾದೋರಿಗೆ ಕೇಳಿಸಿದೆ," ಎಂದು ಕೈಮುಗಿದರು. ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೇ ಗುರುಗಳ ಮನೆಗೆ ಹೋಗಿ ಕಾಲಿಗೆ ಬೀಳುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದರು.

ಮೂಲೆಮನೆಯವರು ಅಷ್ಟರಲ್ಲಿ ರೇಡಿಯೋದ ಮೇಲೆ ಬಗ್ಗಿ, ಸ್ಟೇಷನ್ ತಿರುಗಿಸುವ ಗುಂಡಿಯನ್ನು ಬೆರಳಲ್ಲಿ ಆಡಿಸಿ ನೋಡುತ್ತಿದ್ದರು.

"ಇದೂ ಸಡಿಲ ಆಗಿದೆ ಮೇಷ್ಟ್ರೇ, ಸುಮ್ನೆ ತಿರುಗ್ತಾ ಇದೆ. ಯೋಚನೆ ಮಾಡ್ಬೇಡಿ, ಅಂಟು ಜೇಬಲ್ಲೇ ಇತ್ತು. ಹಾಕಾಯ್ತು."